ಕಾಳುಮೆಣಸು ‘ನಿಗ್ರುಮ್’, ಹಿಪ್ಪುನೇರಳೆ ‘ನಿಗ್ರ’: ಒಂದು ಲ್ಯಾಟಿನ್ ಗುಣವಾಚಕದ ಕತೆ

ಕಾಳುಮೆಣಸಿಗೆ ಸಸ್ಯಶಾಸ್ತ್ರದಲ್ಲಿ ಪಿಪೆರ್ ನಿಗ್ರುಮ್ ಅಂತ ಹೆಸರು. ಕಾಲೇಜಿನಲ್ಲಿ ಇಂಗ್ಲಿಷ್ ಧಾಟಿಯಲ್ಲಿ ‘ಪೈಪರ್ ನೈಗ್ರಮ್’ ಅಂತ ಓದಿರುತ್ತೇವೆ. ಗಣಿಕೆ ಸೊಪ್ಪು ಸೊಲಾನುಮ್ ನಿಗ್ರುಮ್. ಆದರೆ ಕಪ್ಪು ಹಣ್ಣಿನ ಹಿಪ್ಪುನೇರಳೆ ಮೋರುಸ್ ನಿಗ್ರ. ಈರುಳ್ಳಿ ಸುಲಿಯುವಾಗ ಸಿಪ್ಪೆಯಡಿ ಕೈಗಂಟುವ ಕರಿ ಪುಡಿ ಇರುತ್ತದಲ್ಲ, ಆ ಬೂಷ್ಟಿನ ಹೆಸರು ಆಸ್ಪರ್‌ಗಿಲ್ಲುಸ್ ನಿಗೆರ್. ನಿಗೆರ್, ನಿಗ್ರ, ನಿಗ್ರುಮ್. ಮೂರೂ ಒಂದೇ ಪದ, ಅರ್ಥವೂ ಒಂದೇ: ಕಪ್ಪು. ಹಾಗಿದ್ದ ಮೇಲೆ ಕೊನೆ ಯಾಕೆ ಬೇರೆ ಬೇರೆ?

ಕನ್ನಡದವರಿಗೆ ಇದು ಮೊದಲಿಗೆ ವಿಚಿತ್ರ ಅನ್ನಿಸುತ್ತದೆ. ನಮ್ಮಲ್ಲಿ ಕರಿ ಎತ್ತು, ಕರಿ ಹಸು, ಕರಿ ಕಲ್ಲು. ಮುಂದೆ ಯಾವ ಪದ ಬಂದರೂ ‘ಕರಿ’ ಜಗ್ಗುವುದಿಲ್ಲ. ಕಲ್ಲಿಗೆ, ಕಲ್ಲಿನಿಂದ, ಕಲ್ಲುಗಳು ಅಂತ ಬದಲಾಗುವುದು ನಾಮಪದ ಮಾತ್ರ. ಆದರೆ ನಾಮಪದವನ್ನು ಬಿಟ್ಟು ಮಾತಾಡಿ ನೋಡಿ. ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು. ಒಳ್ಳೆಯವನಿಗೆ, ಒಳ್ಳೆಯದರಿಂದ. ಆಗ ಲಿಂಗ, ವಚನ, ವಿಭಕ್ತಿ ಎಲ್ಲವೂ ಗುಣವಾಚಕದ ತಲೆ ಮೇಲೆ ಬಂದು ಕೂರುತ್ತವೆ. ಲ್ಯಾಟಿನ್‌ನಲ್ಲಿ ನಾಮಪದ ಪಕ್ಕದಲ್ಲೇ ಇದ್ದರೂ ಗುಣವಾಚಕ ಇದೇ ಕೆಲಸ ಮಾಡುತ್ತದೆ. ‘ಒಳ್ಳೆಯವನಿಗೆ ಹುಡುಗನಿಗೆ’ ಅಂದ ಹಾಗೆ. ನಮಗದು ಅತಿ ಅನ್ನಿಸಬಹುದು, ರೋಮನ್ನರಿಗೆ ಅದೇ ಸಹಜ.

ಸಂಸ್ಕೃತ ಸ್ವಲ್ಪ ಗೊತ್ತಿದ್ದವರಿಗೆ ದಾರಿ ಇನ್ನೂ ಹತ್ತಿರ. ಅಲ್ಲಿ ಕಪ್ಪಿಗೆ ಇರುವ ಪದವೇ ಕೃಷ್ಣ. ಪುಲ್ಲಿಂಗದಲ್ಲಿ ಕೃಷ್ಣಃ, ಸ್ತ್ರೀಲಿಂಗದಲ್ಲಿ ಕೃಷ್ಣಾ, ನಪುಂಸಕದಲ್ಲಿ ಕೃಷ್ಣಂ. ಮೈಬಣ್ಣ ಕಪ್ಪು ಅಂತ ದೇವರು ಕೃಷ್ಣ, ಅದೇ ಕಾರಣಕ್ಕೆ ದ್ರೌಪದಿ ಕೃಷ್ಣೆ. ನಿಗೆರ್, ನಿಗ್ರ, ನಿಗ್ರುಮ್ ಕೂಡ ಇದೇ ಅಚ್ಚು. ಲ್ಯಾಟಿನ್ ಮತ್ತು ಸಂಸ್ಕೃತ ಒಂದೇ ಭಾಷಾಕುಟುಂಬದವು, ಹಾಗಾಗಿ ಈ ಹೋಲಿಕೆ ಆಕಸ್ಮಿಕ ಅಲ್ಲ.

ಕಲ್ಲು, ಬಾಗಿಲು, ಮೆಣಸು

ಕನ್ನಡದಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮಿಕ್ಕಿದ್ದೆಲ್ಲ ನಪುಂಸಕ. ಅರ್ಥ ನೋಡಿ ಲಿಂಗ ಹೇಳಬಹುದು. ಲ್ಯಾಟಿನ್‌ನಲ್ಲಿ ಲಿಂಗ ಇರುವುದು ಪದಕ್ಕೆ, ವಸ್ತುವಿಗಲ್ಲ. ಕಲ್ಲು ಅನ್ನುವ ‘ಲಪಿಸ್’ ಪುಲ್ಲಿಂಗ. ಬಾಗಿಲು ಅನ್ನುವ ‘ಪೊರ್ತ’ ಸ್ತ್ರೀಲಿಂಗ. ಮೆಣಸು ಅನ್ನುವ ‘ಪಿಪೆರ್’ ನಪುಂಸಕ. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ, ನೆನಪಿಟ್ಟುಕೊಳ್ಳಬೇಕು ಅಷ್ಟೆ. ಇವು ಮೂರೂ ‘ಕಪ್ಪು’ ಜೊತೆ ಸೇರಿ ಲೋಕಪ್ರಸಿದ್ಧ ಆಗಿವೆ.

ರೋಮ್ ನಗರದ ಹಳೆಯ ಫೋರಮ್‌ನಲ್ಲಿ, ಅಂದರೆ ಊರ ಮಧ್ಯದ ಸಾರ್ವಜನಿಕ ಬಯಲಿನಲ್ಲಿ, ಲಪಿಸ್ ನಿಗೆರ್ ಅಂತ ಒಂದು ಜಾಗ ಇದೆ. ಕರಿ ಕಲ್ಲು ಹಾಸಿದ ಒಂದು ಚೌಕ. 1899ರಲ್ಲಿ ಜಾಕೊಮೊ ಬೋನಿ ಅನ್ನುವವರು ಉತ್ಖನನ ಮಾಡಿದಾಗ ಅದರ ಕೆಳಗೆ ಲ್ಯಾಟಿನ್‌ನ ಅತಿ ಹಳೆಯ ಶಾಸನಗಳಲ್ಲಿ ಒಂದು ಸಿಕ್ಕಿತು. ಜರ್ಮನಿಯ ಟ್ರೀರ್ ಊರಿನಲ್ಲಿ ಪೊರ್ತ ನಿಗ್ರ ಇದೆ. ರೋಮನ್ನರು 2ನೇ ಶತಮಾನದಲ್ಲಿ ಕಟ್ಟಿದ ಕೋಟೆ ಬಾಗಿಲು. ಮರಳುಗಲ್ಲು ಕಾಲಕ್ರಮೇಣ ಕಪ್ಪಾದ ಮೇಲೆ ಮಧ್ಯಯುಗದ ಜನ ಅದಕ್ಕೆ ‘ಕರಿ ಬಾಗಿಲು’ ಅಂತ ಹೆಸರಿಟ್ಟರು. ಮೂರನೆಯದು ನಮ್ಮ ಮೆಣಸು. ಕಲ್ಲು ನಿಗೆರ್, ಬಾಗಿಲು ನಿಗ್ರ, ಮೆಣಸು ನಿಗ್ರುಮ್.

ಇಲ್ಲೇ ಎಲ್ಲರೂ ಎಡವುವುದು. ‘ಪಿಪೆರ್’ ಎರ್ ಅಂತ ಮುಗಿಯುತ್ತದೆ, ‘ನಿಗೆರ್’ ಕೂಡ ಹಾಗೇ, ಅಂದರೆ ‘ಪಿಪೆರ್ ನಿಗೆರ್’ ಆಗಬೇಕಲ್ವಾ? ಆಗುವುದಿಲ್ಲ. ಗುಣವಾಚಕ ಕೂಡಿಕೊಳ್ಳುವುದು ನಾಮಪದದ ಲಿಂಗದ ಜೊತೆ, ಸದ್ದಿನ ಜೊತೆ ಅಲ್ಲ. ಇದು ಪ್ರಾಸ ಅಲ್ಲ. ಹಿಪ್ಪುನೇರಳೆಯ ‘ಮೋರುಸ್’ ನೋಡಿದರೆ ಪುಲ್ಲಿಂಗದ ಹಾಗೆ ಕಾಣುತ್ತದೆ, ಆದರೆ ಲ್ಯಾಟಿನ್‌ನಲ್ಲಿ ಮರಗಳ ಹೆಸರು ಹೆಚ್ಚಾಗಿ ಸ್ತ್ರೀಲಿಂಗ. ಅದಕ್ಕೇ ಮೋರುಸ್ ನಿಗ್ರ. ರೇಷ್ಮೆ ಹುಳಕ್ಕೆ ಸೊಪ್ಪು ಕೊಡುವ ಬಿಳಿ ಹಿಪ್ಪುನೇರಳೆ ಮೋರುಸ್ ಆಲ್ಬ, ಆಲ್ಬುಸ್ ಅಲ್ಲ.

ಇನ್ನೊಂದು ಗೊಂದಲ: ನಿಗೆರ್‌ನಲ್ಲಿ ಇರುವ ‘ಎ’ ಸ್ವರ ನಿಗ್ರ, ನಿಗ್ರುಮ್ ಆಗುವಾಗ ಎಲ್ಲಿ ಹೋಯಿತು? ಪಠ್ಯಪುಸ್ತಕಗಳು ‘ಎ ಬಿದ್ದುಹೋಗುತ್ತದೆ’ ಅನ್ನುತ್ತವೆ. ನಿಜ ಉಲ್ಟಾ. ಮೂಲದಲ್ಲಿ ಆ ‘ಎ’ ಇರಲೇ ಇಲ್ಲ. ಹಳೆಯ ರೂಪ ‘ನಿಗ್ರೊಸ್’. ಕೊನೆಯ ‘ಒಸ್’ ಸವೆದು ಹೋದಾಗ ‘ನಿಗ್ರ್’ ಅಂತ ಬಾಯಿಗೆ ಬಾರದ ಒಂದು ಗಂಟು ಉಳಿಯಿತು. ಅದನ್ನು ಬಿಡಿಸೋಕೆ ನಡುವೆ ಒಂದು ಸ್ವರ ಬಂತು. ನಾವು ‘ವರ್ಷ’ವನ್ನು ‘ವರುಷ’ ಮಾಡಿಕೊಂಡ ಹಾಗೆ. ಇದಕ್ಕೆ ಸಾಕ್ಷಿ ಬೇಕಾದರೆ ಲಪಿಸ್ ನಿಗೆರ್ ಕೆಳಗಿನ ಆ ಶಾಸನವನ್ನೇ ನೋಡಬೇಕು. ಮುಂದಿನ ಲ್ಯಾಟಿನ್‌ನಲ್ಲಿ ‘ಸಕೆರ್’ ಆದ ಪದ (ದೇವರಿಗೆ ಮೀಸಲಾದ, ಶಾಪಕ್ಕೆ ಗುರಿಯಾದ ಅಂತ ಅರ್ಥ) ಅದರಲ್ಲಿ ‘ಸಕ್ರೊಸ್’ ಅಂತ ಕೆತ್ತಿದೆ. ನಿಗೆರ್ ಮತ್ತು ಸಕೆರ್ ಒಂದೇ ಗುಂಪಿನ ಪದಗಳು. ಒಂದು ಹೀಗಿದ್ದರೆ ಇನ್ನೊಂದೂ ಹೀಗೇ ಇತ್ತು. ಕರಿ ಕಲ್ಲಿನ ಕೆಳಗೇ ‘ಕಪ್ಪು’ ಪದದ ಹಳೆಯ ರೂಪಕ್ಕೆ ಆಧಾರ ಸಿಕ್ಕಿದ್ದು ನನಗಂತೂ ಖುಷಿಯ ವಿಷಯ.

ಎಲ್ಲ ‘ಎರ್’ ಪದಗಳೂ ಹೀಗಲ್ಲ. ಬಡಪಾಯಿ ಅನ್ನುವ ‘ಮಿಸೆರ್’ ಸ್ತ್ರೀಲಿಂಗದಲ್ಲಿ ‘ಮಿಸೆರ’, ಸ್ವತಂತ್ರ ಅನ್ನುವ ‘ಲೀಬೆರ್’ ‘ಲೀಬೆರ’. ಅಲ್ಲಿ ‘ಎ’ ಉಳಿಯುತ್ತದೆ. ಯಾವುದು ಯಾವ ಗುಂಪು ಅಂತ ಊಹಿಸೋಕೆ ಒಂದು ಸುಲಭ ಉಪಾಯ ಇದೆ. ಇಂಗ್ಲಿಷಿಗೆ ಬಂದ ಪದ ನೋಡಿ. ಮಿಸರಬಲ್, ಲಿಬರಲ್ ಪದಗಳಲ್ಲಿ ಸ್ವರ ಇದೆ. ಸೇಕ್ರೆಡ್‌ನಲ್ಲಿ ‘ಕ್ರ’ ಒತ್ತಾಗಿ ಕೂತಿದೆ.

ಮೂವತ್ತಾರು ಮನೆ, ಹದಿಮೂರು ರೂಪ

ಈಗ ವಿಭಕ್ತಿ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಪ್ರಥಮಾ, ದ್ವಿತೀಯಾ ನೆನಪಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಲ್ಯಾಟಿನ್‌ನಲ್ಲಿ ಮುಖ್ಯವಾಗಿ ಆರು ವಿಭಕ್ತಿ: ಪ್ರಥಮಾ, ಸಂಬೋಧನೆ, ದ್ವಿತೀಯಾ, ಷಷ್ಠಿ, ಚತುರ್ಥಿ, ಮತ್ತೆ ‘ಇಂದ’ ವಿಭಕ್ತಿ. ಕೊನೆಯದಕ್ಕೆ ಈ ಹೆಸರು ನಾನೇ ಇಟ್ಟದ್ದು. ನಮ್ಮ ‘ಇಂದ’ ಹೇಗೆ ‘ಕತ್ತಿಯಿಂದ ಕಡಿದ’ ಅಂತಲೂ ಬರುತ್ತದೆ, ‘ಊರಿನಿಂದ ಬಂದ’ ಅಂತಲೂ ಬರುತ್ತದೆ, ಇದೂ ಹಾಗೇ. ಸಪ್ತಮಿಯ ಕೆಲಸವನ್ನೂ ಬಹಳಷ್ಟು ಇದೇ ನೋಡಿಕೊಳ್ಳುತ್ತದೆ.

ಕಲ್ಲನ್ನೇ ತಗೊಳ್ಳಿ. ಲಪಿಸ್ ನಿಗೆರ್ ಅಂದರೆ ಕರಿ ಕಲ್ಲು. ಲಪಿದೆಮ್ ನಿಗ್ರುಮ್, ಕರಿ ಕಲ್ಲನ್ನು. ಲಪಿದಿಸ್ ನಿಗ್ರೀ, ಕರಿ ಕಲ್ಲಿನ. ಲಪಿದೀ ನಿಗ್ರೋ, ಕರಿ ಕಲ್ಲಿಗೆ. ಲಪಿದೆ ನಿಗ್ರೋ, ಕರಿ ಕಲ್ಲಿನಿಂದ. ಎರಡೂ ಪದ ಒಟ್ಟಿಗೆ ಹೆಜ್ಜೆ ಹಾಕುತ್ತವೆ, ಆದರೆ ಒಂದೇ ಹೆಜ್ಜೆ ಅಲ್ಲ. ಕಲ್ಲಿಗೆ ಅದರದ್ದೇ ಪ್ರತ್ಯಯ, ಕಪ್ಪಿಗೆ ಅದರದ್ದೇ.

ಬಾಗಿಲಿನ ವಿಷಯದಲ್ಲಿ ಮಾತ್ರ ಎರಡೂ ಒಂದೇ ಅಚ್ಚಿನವು: ಪೊರ್ತ ನಿಗ್ರ, ಪೊರ್ತಮ್ ನಿಗ್ರಮ್, ಪೊರ್ತೈ ನಿಗ್ರೈ (ಬಾಗಿಲಿನ, ಬಾಗಿಲಿಗೆ ಎರಡಕ್ಕೂ ಇದೇ), ಪೊರ್ತಾ ನಿಗ್ರಾ. ಮೊದಲನೆಯದು ಹ್ರಸ್ವ ‘ನಿಗ್ರ’, ಕೊನೆಯದು ದೀರ್ಘ ‘ನಿಗ್ರಾ’. ರೋಮನ್ ಲಿಪಿಯಲ್ಲಿ ಸಾಮಾನ್ಯವಾಗಿ ಎರಡನ್ನೂ ಒಂದೇ ಥರ ಬರೆಯುತ್ತಾರೆ, ಓದುವವರು ಸಂದರ್ಭ ನೋಡಿ ತಿಳಿಯಬೇಕು. ಕನ್ನಡ ಲಿಪಿಯಲ್ಲಿ ಆ ತೊಂದರೆಯೇ ಇಲ್ಲ. ಲ್ಯಾಟಿನ್ ಕಲಿಯೋಕೆ ನಮ್ಮ ಲಿಪಿ ಇಂಗ್ಲಿಷಿಗಿಂತ ಎಷ್ಟೋ ವಾಸಿ ಅಂತ ನನ್ನ ಅಭಿಪ್ರಾಯ.

ಬಹುವಚನದಲ್ಲಿ ನಿಗ್ರೀ, ನಿಗ್ರೈ, ನಿಗ್ರ ಅಂತ ಶುರುವಾಗಿ, ನಿಗ್ರೋಸ್, ನಿಗ್ರಾಸ್, ನಿಗ್ರೋರುಮ್, ನಿಗ್ರಾರುಮ್ ಅಂತ ಹೋಗಿ, ‘ಅವಕ್ಕೆ’ ಮತ್ತು ‘ಅವುಗಳಿಂದ’ ಎರಡಕ್ಕೂ, ಮೂರೂ ಲಿಂಗಕ್ಕೂ ಒಂದೇ ‘ನಿಗ್ರೀಸ್’ನಲ್ಲಿ ಮುಗಿಯುತ್ತದೆ. ಲೆಕ್ಕ ಹಾಕಿದರೆ ಮೂರು ಲಿಂಗ, ಎರಡು ವಚನ, ಆರು ವಿಭಕ್ತಿ, ಒಟ್ಟು 36 ಮನೆ. ಆದರೆ ನಿಜಕ್ಕೂ ಬೇರೆ ಬೇರೆ ಇರುವ ರೂಪ 13 ಮಾತ್ರ. ಮಿಕ್ಕವು ಮನೆ ಹಂಚಿಕೊಂಡಿವೆ. ಅದರಿಂದಲೇ ‘ನಿಗ್ರ’ ಕಂಡ ಕೂಡಲೇ ಸ್ತ್ರೀಲಿಂಗ ಅಂತ ತೀರ್ಪು ಕೊಡಬಾರದು. ಅದು ನಪುಂಸಕದ ಬಹುವಚನವೂ ಆಗಿರಬಹುದು.

ಕವಿ ವರ್ಜಿಲ್ ಇದಕ್ಕೆ ಪಾಠದಂಥ ಒಂದು ಸಾಲು ಬರೆದಿದ್ದಾನೆ. ಅಮಿಂತಾಸ್ ಅನ್ನುವವನು ಕಪ್ಪಗಿದ್ದಾನೆ, ಇದ್ದರೇನಂತೆ ಅಂತ ಕೇಳಿ, ‘ಎತ್ ನಿಗ್ರೈ ವಿಯೊಲೈ ಸುಂತ್ ಎತ್ ವಕ್ಕೀನಿಯ ನಿಗ್ರ’ ಅನ್ನುತ್ತಾನೆ. ವಯೊಲೆಟ್ ಹೂಗಳೂ ಕಪ್ಪೇ, ವಕ್ಕೀನಿಯಗಳೂ ಕಪ್ಪೇ. ವಿಯೊಲೈ ಸ್ತ್ರೀಲಿಂಗ ಬಹುವಚನ, ಅದಕ್ಕೆ ನಿಗ್ರೈ. ವಕ್ಕೀನಿಯ ನಪುಂಸಕ ಬಹುವಚನ, ಅದಕ್ಕೆ ನಿಗ್ರ. ಒಂದೇ ಗುಣವಾಚಕ ಒಂದೇ ಸಾಲಿನಲ್ಲಿ ಎರಡು ವೇಷ ಹಾಕಿದೆ.

ನಾಮಪದವೇ ಇಲ್ಲದೆ ನಿಲ್ಲುವುದೂ ಇದೆ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ದೊಡ್ಡ ಗ್ರಂಥದಲ್ಲಿ ಭಾರತದ ಮೆಣಸಿನ ದರ ಕೊಡುತ್ತಾನೆ. ಒಂದು ರೋಮನ್ ಪೌಂಡಿಗೆ ಹಿಪ್ಪಲಿ 15 ದೆನಾರಿ (ರೋಮನ್ ಬೆಳ್ಳಿ ನಾಣ್ಯ) ಅಂತ ಹೇಳಿ, ಆಮೇಲೆ ಸುಮ್ನೆ ‘ಆಲ್ಬುಮ್ 7, ನಿಗ್ರುಮ್ 4’ ಅಂದುಬಿಡುತ್ತಾನೆ. ಕನ್ನಡದಲ್ಲಿ ಹೇಳುವುದಾದರೆ ‘ಬಿಳಿಯದು 7, ಕರಿಯದು 4’. ‘ಉಮ್’ ಮಾಡುವ ಕೆಲಸ ನಮ್ಮ ‘ಅದು’ ಮಾಡುವ ಕೆಲಸವೇ. ಅಂದ ಹಾಗೆ ‘ಪಿಪೆರ್’ ಪದವೇ ನಮ್ಮ ಕಡೆಯಿಂದ ಗ್ರೀಕರ ಮೂಲಕ ಹೋದದ್ದು. ಪಿಪ್ಪಲಿ, ಅಂದರೆ ನಮ್ಮ ಹಿಪ್ಪಲಿ, ಅದರ ಮೂಲ.

ಇನ್ನೂ ಕಪ್ಪು, ಕಡುಗಪ್ಪು

ಹೋಲಿಸುವಾಗ ಪದ ಮತ್ತೆ ಬದಲಾಗುತ್ತದೆ. ಹೆಚ್ಚು ಕಪ್ಪು ಅನ್ನಲು ‘ನಿಗ್ರಿಯೊರ್’. ಗಂಡು ಹೆಣ್ಣು ಎರಡಕ್ಕೂ ಅದೇ, ನಪುಂಸಕಕ್ಕೆ ‘ನಿಗ್ರಿಯುಸ್’. ಎಲ್ಲಕ್ಕಿಂತ ಕಪ್ಪು, ಅಥವಾ ನಾವು ಕಡುಗಪ್ಪು ಅನ್ನುವುದಕ್ಕೆ ‘ನಿಗೆರ್ರಿಮುಸ್’. ಉಳಿದ ಹೆಚ್ಚಿನ ಪದಗಳಿಗೆ ‘ಇಸ್ಸಿಮುಸ್’ ಹತ್ತಿದರೆ, ‘ಎರ್’ ಗುಂಪಿಗೆ ಮಾತ್ರ ಈ ‘ರ್ರಿಮುಸ್’.

ಇದನ್ನು ಬಳಕೆಯಲ್ಲಿ ನೋಡಬೇಕಾದರೆ ಓವಿಡ್ ಕವಿಯ ಒಂದು ತುಣುಕಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಕಿಲ್ಲರುಸ್ ಅನ್ನುವ ಕಿನ್ನರ ಇದ್ದಾನೆ, ಅರ್ಧ ಮನುಷ್ಯ ಅರ್ಧ ಕುದುರೆ. ಅವನ ಕುದುರೆ ಮೈ ಹೇಗಿತ್ತು? ‘ತೋತುಸ್ ಪಿಕೆ ನಿಗ್ರಿಯೊರ್ ಆತ್ರಾ, ಕಂದಿದ ಕೌದ ತಮೆನ್’. ಇಡೀ ಮೈ ಕರಿ ರಾಳಕ್ಕಿಂತ ಕಪ್ಪು, ಆದರೂ ಬಾಲ ಬೆಳ್ಳಗೆ ಮಿನುಗುತ್ತಿತ್ತು. ಪದಗಳು ಕೂತಿರುವ ರೀತಿ ನೋಡಿ. ‘ಪಿಕೆ’ ಅಂದರೆ ರಾಳ, ‘ಆತ್ರಾ’ ಅಂದರೆ ಕರಿ. ಈ ಎರಡರ ನಡುವೆ ‘ನಿಗ್ರಿಯೊರ್’ ಬಂದು ಕೂತಿದೆ. ಕನ್ನಡದಲ್ಲಿ ‘ರಾಳ ಇನ್ನೂ ಕಪ್ಪು ಕರಿ’ ಅಂತ ಬರೆದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಲ್ಯಾಟಿನ್‌ನಲ್ಲಿ ಆಗುತ್ತದೆ. ‘ಆತ್ರಾ’ದ ದೀರ್ಘ ಆ ‘ನಾನು ಸ್ತ್ರೀಲಿಂಗ, ಇಂದ ವಿಭಕ್ತಿ’ ಅನ್ನುತ್ತದೆ, ‘ಪಿಕೆ’ಯೂ ಅದನ್ನೇ ಅನ್ನುತ್ತದೆ, ಎರಡೂ ಜೋಡಿ. ‘ನಿಗ್ರಿಯೊರ್’ ಪ್ರಥಮಾ ವಿಭಕ್ತಿ, ಅದು ‘ತೋತುಸ್’ (ಇಡಿಯಾಗಿ) ಕಡೆಗೆ, ಕಿನ್ನರನ ಕಡೆಗೆ ಸೇರಿದ್ದು. ‘ಗಿಂತ’ ಅನ್ನುವ ಬೇರೆ ಪದವೂ ಬೇಕಾಗಿಲ್ಲ, ಇಂದ ವಿಭಕ್ತಿಯೇ ಆ ಕೆಲಸ ಮಾಡಿದೆ.

ಇಷ್ಟೆಲ್ಲ ರೂಪ ಹೊತ್ತು ತಿರುಗುವುದು ಯಾತಕ್ಕೆ ಅನ್ನುವ ಪ್ರಶ್ನೆಗೆ ಇದೇ ಉತ್ತರ. ಗುಣವಾಚಕದ ಕೊನೆ ಅದರ ಯಜಮಾನ ಯಾರು ಅಂತ ಹೇಳುತ್ತದೆ. ಹಾಗಾಗಿ ಅದು ನಾಮಪದದ ಸೆರಗು ಹಿಡಿದು ನಿಲ್ಲಬೇಕಾಗಿಲ್ಲ. ಕವಿಗೆ ಎಲ್ಲಿ ಬೇಕೋ ಅಲ್ಲಿ ಇಡಬಹುದು. ಕನ್ನಡದಲ್ಲಿ ಆ ಸ್ವಾತಂತ್ರ್ಯ ಇಲ್ಲ, ಬದಲಿಗೆ ಬಾಯಿಪಾಠದ ಹೊರೆಯೂ ಇಲ್ಲ.

ಅದೇ ತುಣುಕು ಇನ್ನೊಂದು ವಿಷಯಕ್ಕೂ ದಾರಿ ಮಾಡುತ್ತದೆ. ಅಲ್ಲಿ ಕಪ್ಪಿಗೆ ಎರಡು ಪದ ಇವೆ, ನಿಗೆರ್ ಮತ್ತು ಆತೆರ್. ನಿಗೆರ್ ಹೊಳಪಿನ ಕಪ್ಪು. ಕಣ್ಣು, ಕೂದಲು, ಕಾಗೆಯ ರೆಕ್ಕೆಯ ಕಪ್ಪು. ನಮ್ಮಲ್ಲಿ ಎಣ್ಣೆಗಪ್ಪು ಅನ್ನುತ್ತಾರಲ್ಲ, ಅದರ ಹತ್ತಿರದ್ದು. ಆತೆರ್ ಮಸಿಯ ಕಪ್ಪು, ಹೊಳಪಿಲ್ಲದ್ದು. ಹೊಗೆ, ಸಾವು, ಚಿಂತೆ ಇವಕ್ಕೆ ಆತೆರ್. ಸವಾರನ ಬೆನ್ನ ಹಿಂದೆಯೇ ‘ಆತ್ರ ಕೂರ’, ಕರಿ ಚಿಂತೆ, ಏರಿ ಕೂರುತ್ತದೆ ಅಂತ ರೋಮನ್ ಕವಿ ಹೊರೇಸ್ ಬರೆದಿದ್ದಾನೆ. ರೋಮನ್ ಪಂಚಾಂಗದಲ್ಲಿ ಕೆಲವು ದಿನಗಳಿಗೆ ‘ಕರಿ ದಿನ’ ಅಂತ ಹೆಸರಿತ್ತು, ಆವತ್ತು ಹೊಸ ಕೆಲಸ ಶುರು ಮಾಡುತ್ತಿರಲಿಲ್ಲ. ಅದಕ್ಕೂ ಆತೆರ್ ಪದವೇ.

ಬಿಳಿಗೂ ಹೀಗೇ ಜೋಡಿ. ಕಂದಿದುಸ್ ಮಿನುಗುವ ಬಿಳಿ, ಆಲ್ಬುಸ್ ಮಂಕು ಬಿಳಿ. ವರ್ಜಿಲ್‌ಗೆ ಟೀಕೆ ಬರೆದ ಸೆರ್ವಿಯುಸ್ ಈ ವ್ಯತ್ಯಾಸವನ್ನು ಬಿಡಿಸಿಯೇ ಹೇಳಿದ್ದಾನೆ. ಚುನಾವಣೆಗೆ ನಿಂತ ರೋಮನ್ನರು ಬಟ್ಟೆಗೆ ಸೀಮೆಸುಣ್ಣ ಉಜ್ಜಿ ಮಿರುಗಿಸುತ್ತಿದ್ದರು, ಅದರಿಂದ ಕ್ಯಾಂಡಿಡೇಟ್. ಪ್ರಕಟಣೆ ಬರೆಯುವ ಬಿಳಿ ಹಲಗೆ ‘ಆಲ್ಬುಮ್’, ಅದರಿಂದ ನಮ್ಮ ಮದುವೆ ಆಲ್ಬಂ.

ಈ ವಿಂಗಡಣೆಯನ್ನು ಕಬ್ಬಿಣದ ಕಟ್ಟು ಅಂದುಕೊಳ್ಳಬೇಡಿ. ಓವಿಡ್ ಇನ್ನೊಂದು ಕಡೆ ಒಬ್ಬ ಚಾಲಾಕಿ ಕಳ್ಳನ ಬಗ್ಗೆ ಬರೆಯುತ್ತಾ, ಕಪ್ಪನ್ನು ಬಿಳಿ ಮಾಡುತ್ತಾನೆ, ಬಿಳಿಯನ್ನು ಕಪ್ಪು ಮಾಡುತ್ತಾನೆ ಅನ್ನುವಲ್ಲಿ ಮೊದಲ ಕಪ್ಪಿಗೆ ನಿಗೆರ್, ಎರಡನೆಯದಕ್ಕೆ ಆತೆರ್ ಬಳಸಿದ್ದಾನೆ. ಬರೀ ಪದ ಮತ್ತೆ ಬರಬಾರದು ಅಂತ. ಛಂದಸ್ಸು ಕೇಳಿದ ಹಾಗೆ ಕವಿ ಕುಣಿಯುತ್ತಾನೆ.

ಹೊಳಪಿನದ್ದು ಅಂದ ಮಾತ್ರಕ್ಕೆ ನಿಗೆರ್ ಯಾವಾಗಲೂ ಒಳ್ಳೆಯ ಅರ್ಥದಲ್ಲೇ ಬರುತ್ತದೆ ಅಂತಲೂ ಅಲ್ಲ. ಗೆಳೆಯನ ಬೆನ್ನ ಹಿಂದೆ ಆಡಿಕೊಳ್ಳುವವನು, ಗುಟ್ಟು ಉಳಿಸಿಕೊಳ್ಳಲಾಗದವನು, ‘ಹಿಕ್ ನಿಗೆರ್ ಎಸ್ತ್’, ಇವನು ಕರಿಯ, ಹುಷಾರು ಅಂತ ಹೊರೇಸ್‌ನ ಒಂದು ಸಾಲು. ಇಲ್ಲಿ ಮಾತು ಮೈಬಣ್ಣದ್ದಲ್ಲ, ಮನಸ್ಸಿನದ್ದು. ‘ದೇನಿಗ್ರಾರೆ’ ಅಂದರೆ ಕಪ್ಪಾಗಿಸು. ಇಂಗ್ಲಿಷಿನಲ್ಲಿ ಅದೇ ‘ಡೆನಿಗ್ರೇಟ್’ ಆಗಿ ಹೆಸರು ಕೆಡಿಸುವುದು ಅನ್ನುವ ಅರ್ಥಕ್ಕೆ ಬಂತು. ನಾವು ಮುಖಕ್ಕೆ ಮಸಿ ಬಳಿಯುವುದು ಅನ್ನುತ್ತೇವೆ.

ಕಪ್ಪು ಹಂಸದ ಮಾತು ಶುರುವಾದದ್ದೂ ಈ ಪದದಿಂದ. ವಿಡಂಬನೆಗಾರ ಜುವೆನಾಲ್, ಎಲ್ಲ ಗುಣಗಳೂ ಕೂಡಿದ ಹೆಂಡತಿ ಸಿಕ್ಕರೆ ಅವಳು ಅಪರೂಪದ ಹಕ್ಕಿ, ‘ನಿಗ್ರೋಕ್ವೆ ಸಿಮಿಲ್ಲಿಮ ಕಿಕ್ನೋ’, ಕಪ್ಪು ಹಂಸಕ್ಕೆ ಸಮ ಅಂತ ಕುಟುಕಿದ. ‘ಸಮ’ ಅನ್ನುವಾಗ ಕನ್ನಡದಲ್ಲೂ ಹಂಸ‘ಕ್ಕೆ’, ಲ್ಯಾಟಿನ್‌ನಲ್ಲೂ ಚತುರ್ಥಿ. ಕೊನೆಗೆ ಅಂಟಿದ ‘ಕ್ವೆ’ ಅಂದರೆ ‘ಮತ್ತು’, ಪದದ ಹಿಂದೆ ಸೇರುತ್ತದೆ, ನಮ್ಮ ‘ಊ’ ಹಾಗೆ. ನಿಗ್ರೋಗೂ ಕಿಕ್ನೋಗೂ ನಡುವೆ ಮತ್ತೆ ಒಂದು ಪದ ನುಗ್ಗಿದೆ ನೋಡಿ. ಕಪ್ಪು ಹಂಸ ಇಲ್ಲವೇ ಇಲ್ಲ ಅನ್ನುವುದು ಜುವೆನಾಲ್‌ನ ಲೆಕ್ಕ. 1697ರಲ್ಲಿ ಡಚ್ ನಾವಿಕ ವಿಲ್ಲೆಮ್ ಡಿ ವ್ಲಾಮಿಂಗ್ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅಂಥ ಹಂಸಗಳನ್ನೇ ಕಂಡ. ಆಮೇಲೆ ವಿಜ್ಞಾನಿಗಳು ಆ ಹಕ್ಕಿಗೆ ನಿಗೆರ್ ಅಂತ ಹೆಸರಿಡಲಿಲ್ಲ. ‘ಕಿಗ್ನುಸ್ ಆತ್ರಾತುಸ್’ ಅಂದರು. ಆತೆರ್‌ನಿಂದ ಬಂದ ಪದ, ಸೂತಕದ ಕರಿ ಬಟ್ಟೆ ತೊಟ್ಟದ್ದು ಅಂತ ಅರ್ಥ.

ಕೊನೆಗೆ ಮಾತಿನಲ್ಲಿ ಗೆದ್ದದ್ದು ನಿಗೆರ್. ಇಟಾಲಿಯನ್ ‘ನೇರೊ’, ಫ್ರೆಂಚ್ ‘ನ್ವಾರ್’, ಸ್ಪ್ಯಾನಿಷ್ ‘ನೆಗ್ರೊ’, ರೊಮೇನಿಯನ್ ‘ನೆಗ್ರು’ ಎಲ್ಲ ಅದರ ಮಕ್ಕಳು. ಸ್ಪ್ಯಾನಿಷ್, ಪೋರ್ಚುಗೀಸ್ ಪದ ಗುಲಾಮರ ವ್ಯಾಪಾರದ ಜೊತೆ ಇಂಗ್ಲಿಷಿಗೆ ಹೋಗಿ, ಅಲ್ಲಿ ಬಾಯಿಬಿಟ್ಟು ಹೇಳಲಾಗದ ಬೈಗುಳವೂ ಆಯಿತು. ಆ ಪಾಪ ರೋಮನ್ನರ ಪದದ್ದಲ್ಲ, ಬಳಸಿದವರದ್ದು. ಆತೆರ್ ಹೆಚ್ಚುಕಮ್ಮಿ ಸತ್ತೇ ಹೋಯಿತು. ಆದರೂ ಅದರ ಒಂದು ಕೊಂಡಿ ನಮ್ಮ ಪೊಲೀಸ್ ಠಾಣೆಗಳಲ್ಲಿ ದಿನಾ ಕೇಳಿಬರುತ್ತದೆ. ಆತೆರ್‌ಗೆ ‘ನೋಟ’ದ ಪ್ರತ್ಯಯ ಸೇರಿ ‘ಆತ್ರೋಕ್ಸ್’ ಆಯಿತು, ಕರಿ ಮುಖದ, ಕ್ರೂರ ಅಂತ ಅರ್ಥ. ಅದರಿಂದ ಅಟ್ರಾಸಿಟಿ.

ವೈದ್ಯರ ಬಾಯಲ್ಲಿ ನಿಗೆರ್ ಇನ್ನೂ ವ್ಯಾಕರಣ ಸಮೇತ ಬದುಕಿದೆ. ಬಸುರಿಯ ಹೊಟ್ಟೆ ಮೇಲೆ ಮೂಡುವ ಕರಿ ಗೆರೆ ‘ಲೀನೆಯ ನಿಗ್ರ’. ಮಿದುಳಿನಲ್ಲಿ ಪಾರ್ಕಿನ್‌ಸನ್ ಕಾಯಿಲೆ ಬಂದವರಲ್ಲಿ ಸವೆಯುವ ಭಾಗ ‘ಸುಬ್‌ಸ್ತಾಂತಿಯ ನಿಗ್ರ’. ಎರಡೂ ಸ್ತ್ರೀಲಿಂಗ. ಕತ್ತಿನ ಹಿಂದೆ ಚರ್ಮ ದಪ್ಪಗಾಗಿ ಕಪ್ಪಾದರೆ, ಸಕ್ಕರೆ ಕಾಯಿಲೆಯ ಸೂಚನೆ ಇರಬಹುದು ಅಂತ ಡಾಕ್ಟರು ಬರೆಯುವ ‘ಅಕಾಂಥೋಸಿಸ್ ನಿಗ್ರಿಕನ್ಸ್’ ಮಾತ್ರ ಬೇರೆ ಜಾತಿ. ಅದು ಕ್ರಿಯಾಪದದಿಂದ ಬಂದದ್ದು, ಮೂರೂ ಲಿಂಗಕ್ಕೆ ಪ್ರಥಮಾದಲ್ಲಿ ಒಂದೇ ರೂಪ.

ಸಸ್ಯಶಾಸ್ತ್ರದಲ್ಲಂತೂ ಇದು ಬರೀ ರೂಢಿ ಅಲ್ಲ, ಬರೆದಿಟ್ಟ ನಿಯಮ. ಜಾತಿಯ ಹೆಸರು (ಎರಡನೆಯ ಪದ) ಗುಣವಾಚಕ ಆಗಿದ್ದರೆ ಅದು ಕುಲದ ಹೆಸರಿನ (ಮೊದಲ ಪದದ) ಲಿಂಗಕ್ಕೆ ಹೊಂದಲೇಬೇಕು. ಗಿಡವನ್ನು ಒಂದು ಕುಲದಿಂದ ಇನ್ನೊಂದಕ್ಕೆ ಸೇರಿಸಿದರೆ ಕೊನೆಯನ್ನೂ ತಿದ್ದಬೇಕು. ಒಗ್ಗರಣೆಯ ಕರಿ ಸಾಸಿವೆಗೆ 1753ರಲ್ಲಿ ಸಸ್ಯವಿಜ್ಞಾನಿ ಲಿನ್ನೇಯಸ್ ಇಟ್ಟ ಹೆಸರು ಸಿನಾಪಿಸ್ ನಿಗ್ರ. ಆಮೇಲೆ ಅದನ್ನು ಎಲೆಕೋಸಿನ ಕುಲಕ್ಕೆ ಸೇರಿಸಿದರು, ಬ್ರಾಸ್ಸಿಕ ನಿಗ್ರ ಆಯಿತು. ಎರಡೂ ಸ್ತ್ರೀಲಿಂಗ, ತೊಂದರೆ ಆಗಲಿಲ್ಲ. 2021ರಲ್ಲಿ ಅದನ್ನು ರಾಂಫೊಸ್ಪೆರ್ಮುಮ್ ಅನ್ನುವ ಕುಲಕ್ಕೆ ವರ್ಗ ಮಾಡುವ ಪ್ರಸ್ತಾಪ ಬಂತು. ಆ ಪದ ನಪುಂಸಕ. ಹಾಗಾಗಿ ಅಲ್ಲಿ ಸಾಸಿವೆ ರಾಂಫೊಸ್ಪೆರ್ಮುಮ್ ನಿಗ್ರುಮ್. ಬೇರೆ ಬೇರೆ ಪುಸ್ತಕದಲ್ಲಿ ಒಂದೇ ಸಾಸಿವೆ ಒಮ್ಮೆ ನಿಗ್ರ, ಒಮ್ಮೆ ನಿಗ್ರುಮ್ ಅಂತ ಕಂಡರೆ ಅದು ಅಚ್ಚಿನ ತಪ್ಪಲ್ಲ.